ಅನ್ನವ್ವನ ಕೊಟ್ಟಿಗೆಗೆ ಪ್ಲಾಸ್ಟಿಕ್ ನೆಲ

ಮಳೆಗಾಲ ಬಂತೆಂದರೆ ಹತ್ತಿಮತ್ತೂರಿನ ಅನ್ನವ್ವನ ಕೊಟ್ಟಿಗೆ ಕೆಸರಿನ ಹೊಂಡವೇ ಸೈ. ಹೋದ ವರ್ಷ ಗಬ್ಬದ ಎಮ್ಮೆ ಆ ರಾಡಿಯಲ್ಲಿ ಜಾರಿ ಬಿದ್ದು ಕಂದು ಹಾಕಿತ್ತು. ಅವತ್ತು ಅನ್ನವ್ವ ಊಟ ಬಿಟ್ಟು ಅತ್ತಿದ್ದಳು. ಈಗ ಎಮ್ಮೆ ಮತ್ತೆ ಗಬ್ಬವಾಗಿದೆ. ನೆಲಕ್ಕೆ ಪರಸಿ ಕಲ್ಲು ಹಾಸೋಣವೆಂದರೆ ಅದರ ರೇಟು ಕೈಗೆಟುಕುವುದಿಲ್ಲ.

ಮಹಿಳಾ ಸಂಘದ ಗೆಳತಿ ಸವಿತಾ ಊರಿನ ಕಸದ ಘಟಕದಲ್ಲಿ ಕೆಲಸ ಮಾಡುತ್ತಾಳೆ. ಊರಿನ ಪ್ಲಾಸ್ಟಿಕ್ ಕೂಡಿಸಿ, ಮಷಿನ್ನಿನಲ್ಲಿ ಕರಗಿಸಿ, ಉಸುಕು ಬೆರೆಸಿ ನೆಲಕ್ಕೆ ಹಾಸುವ ಬಿಲ್ಲೆ ಮಾಡುತ್ತೇವೆ, ಪರಸಿಗಿಂತ ಬಹಳ ಅಗ್ಗ ಎಂದಳು. ಅನ್ನವ್ವನಿಗೆ ನಗು ತಡೆಯಲಾಗಲಿಲ್ಲ. ಅವಳ ಪಾಲಿಗೆ ಪ್ಲಾಸ್ಟಿಕ್ ಎಂದರೆ ಬಚ್ಚಲ ಒಲೆ ಹೊತ್ತಿಸುವ ಸಾಮಾನು.

“ಎಣ್ಣಿ ಪಾಕೀಟಿನ ಮ್ಯಾಲೆ ನನ್ನ ಎಮ್ಮಿ ನಿಲ್ಲಸ್ತೀಯೇನವ್ವ?”

ಆದರೂ ಗೆಳತಿಯ ಕಾಟಕ್ಕೆ ಓಣಿಯವರೆಲ್ಲರ ಹಾಗೆ ಅವಳೂ ಕವರು ಕೊಟ್ಟಳು. ಹೇಗೆ ಕೊಟ್ಟಳೆನ್ನುತ್ತೀರಿ? ತಂಗಳನ್ನ, ಹಳಸಿದ ಸಾರು ಒಳಗೇ ಗಂಟು ಕಟ್ಟಿ! ಆ ಸಲ ಸವಿತಾ ತಂದು ತೋರಿಸಿದ ಬಿಲ್ಲೆಯ ತುಂಬ ತೂತು. ಗಂಡ ಪರಮೇಶಪ್ಪ ಕಬ್ಬಿಣದ ಹಾರೆಯಿಂದ ಒಂದೇಟು ಹಾಕಿದ್ದೇ ತಡ, ಎರಡು ತುಂಡು. ನಾನು ಹೇಳಿರಲಿಲ್ಲವೇ ಎಂದು ಅನ್ನವ್ವ ಬೀಗಿದಳು.

“ಅನ್ನವ್ವಕ್ಕ, ಕವರಿನ್ಯಾಗ ಎಣ್ಣಿ, ನೀರು ಉಳಿದ್ರ ಹಿಂಗ ತೂತು ಬೀಳ್ತಾವು. ನಾವೂ ಅವಸರ ಮಾಡಿದ್ವಿ, ತಪ್ಪಾತು. ತೊಳದು ಒಣಗಿಸಿ ಕೊಡ್ರಿ, ಆಮ್ಯಾಲೆ ನೋಡ್ರಿ” ಎಂದಳು ಸವಿತಾ.

ಗಬ್ಬದ ಎಮ್ಮೆಯ ಮುಖ ನೋಡಿ ಅನ್ನವ್ವ ಒಪ್ಪಿದಳು. ಮರುದಿನದಿಂದ ಅವಳ ಅಂಗಳದ ಹಗ್ಗದಲ್ಲಿ ಸೀರೆಗಳ ಜೊತೆ ಕವರುಗಳೂ ಒಣಗತೊಡಗಿದವು. ಓಣಿಯವರು ನಕ್ಕರು. ನಗಲಿ ಬಿಡಿ, ಅವರೇನು ಎಮ್ಮೆ ಕಾಯುತ್ತಾರೆಯೇ? ಆಮೇಲೆ ನಕ್ಕವರೂ ಮೆಲ್ಲಗೆ ಅದನ್ನೇ ಮಾಡಿದರು.

ಹೊಸ ಬಿಲ್ಲೆ ಬಂತು. ಹೊಡೆದೂ ಹೊಡೆದೂ ಪರಮೇಶಪ್ಪನ ಕೈ ನೊಂದಿತೇ ಹೊರತು ಬಿಲ್ಲೆ ಒಡೆಯಲಿಲ್ಲ. ಬೆಂಕಿ ತಾಗಿದರೆ ಏನು ಗತಿ ಎಂದು ಕೇಳಿದ.

“ಕರಗ್ತೈತ್ರಿ, ಸುಳ್ಳ್ಯಾಕ ಹೇಳ್ಲಿ? ಸೊಳ್ಳಿ ಹೊಗಿ ಕೊಟಗಿ ಹೊರಗ ಹಾಕ್ರಿ” ಎಂದಳು ಸವಿತಾ.

ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಅನ್ನವ್ವನಿಗೆ ಹಿಡಿಸಿತು. ಕಾಲು ಜಾರದಂತೆ ಮೇಲ್ಮೈ ತರಿತರಿಯಾದ ಬಿಲ್ಲೆಗಳನ್ನೇ, ಗಂಜಲ ಹರಿದುಹೋಗುವಂತೆ ಇಳಿಜಾರು ಮಾಡಿ ಹಾಸಿಸಿದಳು.

ಜೋರು ಮಳೆಯಲ್ಲಿ ಎಮ್ಮೆ ಕರು ಹಾಕಿತು. ಕರು ತಡವರಿಸಿ ಎದ್ದು, ಆ ನೆಲದ ಮೇಲೆ ನಾಲ್ಕೂ ಕಾಲೂರಿ ನಿಂತಿತು. ಅನ್ನವ್ವ ಈ ಸಲವೂ ಅತ್ತಳು, ಖುಷಿಗೆ.

ಅಕ್ಕಂದಿರೇ, ಅಣ್ಣಂದಿರೇ, ಪ್ಲಾಸ್ಟಿಕ್ ಸುಟ್ಟ ಹೊಗೆ ನಿಮ್ಮ ಮಕ್ಕಳ ಎದೆಗೇ ಇಳಿಯುತ್ತದೆ. ಮನೆಯಲ್ಲಿ ಕರಗಿಸುವ ಸಾಹಸವಂತೂ ಬೇಡವೇ ಬೇಡ. ತೊಳೆಯಿರಿ, ಒಣಗಿಸಿರಿ, ಕಸದ ಗಾಡಿಗೆ ಬೇರೆಯಾಗಿ ಕೊಡಿರಿ. ಇವತ್ತು ಖಾಲಿಯಾಗುವ ಪಾಕೀಟಿನಿಂದಲೇ ಸುರುಮಾಡಿರಿ.