ಸುಡದ ಸ್ಟಾರ್ಟರು

ಬನಹಟ್ಟಿಯಲ್ಲಿ ಮಗ್ಗದ ಮೋಟಾರು ಸುಟ್ಟರೆ ನನ್ನ ಅಂಗಡಿಗೇ ಬರಬೇಕು. ತಂತಿ ಸುತ್ತಿ ಸುತ್ತಿ ನನ್ನ ಬೆರಳು ಒರಟಾಗಿವೆ, ಬಾಯಿ ಅದಕ್ಕಿಂತ ಒರಟು. ಸುಟ್ಟ ಮೋಟಾರನ್ನು ವಾಸನೆಯಿಂದಲೇ ಗುರುತು ಹಿಡಿಯುತ್ತೇನೆ ಎಂದು ಕೊಚ್ಚಿಕೊಳ್ಳುವ ಶಿವಪುತ್ರ ನಾನು. ಅಂಥವನು ಆವತ್ತು ತುಬಚಿಯಲ್ಲಿ, ಹೆಂಡತಿಯ ತವರಿನ ಅಂಗಳದಲ್ಲಿ, ಮೂಸಿ ಕೂಡ ನೋಡಲಿಲ್ಲ.

ನಾದಿನಿಯ ಕುಬಸ, ಅಂದರೆ ಸೀಮಂತವಿತ್ತು. ಬಸುರಿಯನ್ನು ಬೀರಪ್ಪನ ಗುಡಿಗೆ ಕರೆದೊಯ್ಯಬೇಕಿತ್ತು. ಹೊಸದಾಗಿ ಡ್ರೈವಿಂಗ್ ಕಲಿತಿದ್ದ ನನ್ನ ಹೆಂಡತಿ ರೇಷ್ಮಾ, "ನಾನ ಹೊಡೀತೀನ್ರಿ" ಎಂದು ನಮ್ಮಪ್ಪನ ಕಾಲದ ಅಂಬಾಸಡರ್ ಏರಿದಳು. ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರ ನಡುವೆ ಕಾರು ಓಡಿಸುವ ಆಸೆ ಅವಳಿಗೆ ಎಷ್ಟು ದಿನದಿಂದ ಇತ್ತೋ. ಚಾವಿ ತಿರುಗಿಸಿದಳು. ಟಕ್. ಮತ್ತೆ ತಿರುಗಿಸಿದಳು. ಮತ್ತೆ ಟಕ್, ಅಷ್ಟೇ.

ನಾನು ಹೆಡ್‌ಲೈಟು ಹಾಕಿಸಿ ನೋಡಿದೆ. ಝಗ್ಗನೆ ಉರಿದವು. ಬ್ಯಾಟರಿ ಗಟ್ಟಿಯಿದೆ, ಅಂದಮೇಲೆ ಸ್ಟಾರ್ಟರ್ ಮೋಟಾರೇ ಹೋಗಿದೆ ಎಂದು ನಿಂತ ಕಾಲಲ್ಲೇ ತೀರ್ಮಾನಿಸಿಬಿಟ್ಟೆ.

"ಚಾವಿ ತಿರುವಿ ಹಿಡಕೊಂಡ ಕುಂತ್ರ ಮೋಟಾರ್ ಸುಡದ ಏನ್ ಮಾಡ್ತದ? ಕಲಿಸೂ ಮುಂದ ನೂರ ಸಲ ಹೇಳೇನಿ. ಇಳಿ ಕೆಳಗ!"

ಮಾವ ಪಾಂಡಪ್ಪ, ಬೀಗರು, ಆರತಿ ತಟ್ಟೆ ಹಿಡಿದ ಹೆಂಗಸರು, ಎಲ್ಲರೂ ನೋಡುತ್ತಿದ್ದರು.

"ನಂದ ತಪ್ಪಾತ್ರಿ" ಎಂದು ರೇಷ್ಮಾ ತಲೆ ತಗ್ಗಿಸಿ ಇಳಿದಳು. ಆ ಮಾತು ಕೇಳಿ ನನಗೆ ಒಳಗೊಳಗೇ ಸಮಾಧಾನವಾಯಿತು, ನಾಚಿಕೆಗೆಟ್ಟವನು ನಾನು. ಗುಡಿಗೆ ಹೋಗುವುದು ಅವತ್ತು ತಪ್ಪಿಹೋಯಿತು. ಅವಳನ್ನು ತವರಲ್ಲೇ ಬಿಟ್ಟು, ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ಬನಹಟ್ಟಿಗೆ ಬಂದೆ.

ಮರುದಿನ ಸ್ಟಾರ್ಟರ್ ಬಿಚ್ಚಿ ಅಂಗಡಿಯ ಮೇಜಿನ ಮೇಲಿಟ್ಟೆ. ಸುಟ್ಟ ವಾಸನೆಯಿಲ್ಲ. ಕಾರ್ಬನ್ ಬ್ರಶ್ ಸವೆದಿಲ್ಲ. ಬ್ಯಾಟರಿಯಿಂದ ನೇರ ವೈರು ಕೊಟ್ಟರೆ ಗುರ್ರೆಂದು ತಿರುಗಿ ಕೈಯಿಂದ ಜಿಗಿಯಲು ನೋಡಿತು. ಸುಟ್ಟಿದ್ದರೆ ಚೆನ್ನಾಗಿತ್ತಲ್ಲ ಅನ್ನಿಸಿತು. ಮೋಟಾರೊಂದು ಕೆಟ್ಟಿರಲಿ ಎಂದು ನಾನು ಆಸೆಪಟ್ಟದ್ದು ಅದೇ ಮೊದಲು.

ಮತ್ತೆ ಕಾರಿಗೆ ಜೋಡಿಸಿದೆ. ಮತ್ತೆ ಟಕ್. ಕೊನೆಗೆ ದಪ್ಪ ವೈರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೆ, ಇನ್ನೊಂದನ್ನು ಇಂಜಿನ್ನಿನ ಮೈಗೆ ಹಚ್ಚಿ ಚಾವಿ ತಿರುಗಿಸಿದೆ. ಇಂಜಿನ್ ಥಟ್ಟನೆ ಚಾಲೂ ಆಯಿತು. ಅಂದರೆ ಇಂಜಿನ್ನಿನಿಂದ ಕಾರಿನ ಚಾಸಿಗೆ ಹೋಗುವ ತಾಮ್ರದ ಅರ್ಥಿಂಗ್ ಪಟ್ಟಿಯೇ ಕರೆಂಟ್ ಹಾಯಲು ಬಿಡುತ್ತಿರಲಿಲ್ಲ. ಕಾರಿನ ಕೆಳಗೆ ಮಲಗಿ ಟಾರ್ಚ್ ಬಿಟ್ಟೆ. ಪಟ್ಟಿಯ ತುಂಬ ಹಸಿರು ಕಿಲುಬು, ಅದರ ಮೇಲೆ ಗಟ್ಟಿಯಾದ ಭಂಡಾರ, ಪೂಜೆಯ ಅರಿಶಿನಪುಡಿ.

ಪ್ರತಿ ಅಮಾವಾಸ್ಯೆ ಬಾನೆಟ್ ಎತ್ತಿ ಇಂಜಿನ್ನಿಗೆ ಭಂಡಾರ ಹಾರಿಸಿ, ತೆಂಗಿನಕಾಯಿ ಒಡೆದು, ನೀರನ್ನು ಅಲ್ಲೇ ಸುರಿಯುವವನು ನಾನು. ಬೇರೆ ಯಾರೂ ಆ ಪೂಜೆ ಮಾಡುವಂತಿಲ್ಲ. ಸುರಿದ ನೀರೆಲ್ಲ ಇಳಿದು ಬಂದದ್ದು ಈ ಪಟ್ಟಿಗೆ. ಕಾರಿನ ಕೆಳಗಿಂದ ಏಳಲು ಮನಸ್ಸೇ ಆಗಲಿಲ್ಲ. ನನ್ನ ಕೈಯಾರೆ ಕೆಡಿಸಿದ್ದನ್ನು ಹೆಂಡತಿಯ ತಲೆಗೆ ಕಟ್ಟಿದ್ದೆ.

ಪಟ್ಟಿ ಬದಲಿಸಿ ಅವತ್ತೇ ತುಬಚಿಗೆ ಹೊರಟೆ. ಬೈದದ್ದು ನಾಲ್ಕು ಜನರ ಮುಂದೆ, ಒಪ್ಪಿಕೊಳ್ಳುವುದೂ ನಾಲ್ಕು ಜನರ ಮುಂದೆಯೇ ಆಗಬೇಕು. ಜಮಖಂಡಿ ದಾಟುವವರೆಗೂ ಮಾತು ಜೋಡಿಸುತ್ತಲೇ ಇದ್ದೆ. ಹಾರ್ನ್ ಕೇಳಿ ಮನೆಯವರೆಲ್ಲ ಹೊರಗೆ ಬಂದರು.

"ಮಾವಾರ, ಸ್ಟಾರ್ಟರ್ ಸುಟ್ಟಿರಲಿಲ್ಲರಿ. ರೇಷ್ಮಾಂದು ಏನೂ ತಪ್ಪಿಲ್ಲ. ನಾ ಸುರದ ಟೆಂಗಿನ ನೀರಿಗಿ ಅರ್ಥಿಂಗ್ ಪಟ್ಟಿ ಕಿಲುಬ ಹಿಡದಿತ್ತು. ಸುಮ್ಮ ಸುಮ್ಮನ ಆಕಿಗಿ ಬೈದೆ."

"ಆಗಲಿ ಬಿಡ್ರಿ ಅಳಿಯಂದ್ರ, ಚಾಲೂ ಆತಲ್ಲ" ಎಂದ ಮಾವ.

ನಾನು ಚಾವಿಯನ್ನು ರೇಷ್ಮಾಳ ಮುಂದೆ ಹಿಡಿದೆ. "ತಂಗೀನ ಕುಂದ್ರಿಸ್ಕೊ. ಗುಡಿಗಿ ನೀನ ಹೊಡಿ."

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಕಾರು ನೋಡಿ ಕಣ್ಣು ಅರಳಿದ್ದವು. ಕೈಯನ್ನು ಮಾತ್ರ ಹಿಂದಕ್ಕೆ ಎಳೆದುಕೊಂಡಳು.

"ನಾ ಮುಟ್ಟಂಗಿಲ್ರಿ. ಗಾಡಿ ಚಾಲೂ ಆದ್ರ ಸಾಕು, ಈ ಜಲ್ಮದಾಗ ಸ್ಟೇರಿಂಗ್ ಹಿಡಿಯಂಗಿಲ್ಲ ಅಂತ ನಿನ್ನೆ ಬೀರಪ್ಪಗ ಹರಕಿ ಹೊತ್ತೇನಿ."

"ತಪ್ಪು ನಂದಂತ ಹೇಳಾಕತ್ತೇನಲ್ಲ!"

"ಇರಬಹುದ್ರಿ. ಬೇಡ್ಕೊಂಡಾಕಿ ನಾನ ಅಲ್ಲೇನ್ರಿ? ಬೀರಪ್ಪ ಕೇಳ್ಯಾನ ನೋಡ್ರಿ."

ಹಿಂದಿನ ಬಾಗಿಲು ತೆಗೆದು ತಂಗಿಯನ್ನು ಹತ್ತಿಸಿ, ತಾನೂ ಅವಳ ಪಕ್ಕದಲ್ಲಿ ಕುಳಿತಳು. ನಾನು ಚಾವಿ ತಿರುಗಿಸಿದೆ. ಇಂಜಿನ್ ಚಾಲೂ ಆದ ಕೂಡಲೇ ಅವಳು ಹಿಂದಿನಿಂದ, ನಿಜವಾದ ಖುಷಿಯಲ್ಲಿ, "ಬೀರಪ್ಪಾ" ಎಂದು ಕೈಮುಗಿದಳು.