ಮೂರನೇ ಪ್ಲಾಟ್‌ಫಾರ್ಮಿನ ಆರನೇ ತರಗತಿ

ಪುರಸಭೆಯ ಆರೋಗ್ಯ ನಿರೀಕ್ಷಕಿಗೆ ಕಚೇರಿಯವರು ಇಟ್ಟಿದ್ದ ಅಡ್ಡಹೆಸರು ಯಾಕಮ್ಮ. ಹೋಟೆಲಿನ ಅಡುಗೆಮನೆ ತಪಾಸಣೆಗೆ ಹೋಗಲಿ, ಚರಂಡಿ ಕಟ್ಟಿಕೊಂಡಿದೆ ಎಂಬ ದೂರಿಗೆ ಹೋಗಲಿ, ಆಕೆಯ ಬಾಯಿಂದ ಮೊದಲು ಹೊರಡುತ್ತಿದ್ದ ಮಾತು "ಯಾಕೆ?" ಉತ್ತರ ಸಿಗುವವರೆಗೆ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಈ ಹೆಸರು ಮೊದಲ ಸಲ ಕಿವಿಗೆ ಬಿದ್ದಾಗಲೂ ಆಕೆ ಸಿಟ್ಟಾಗಲಿಲ್ಲ. "ಯಾರು ಇಟ್ಟಿದ್ದು?" ಎಂದಷ್ಟೇ ವಿಚಾರಿಸಿದ್ದಳು.

ಸಾಂಕ್ರಾಮಿಕ ಆ ಊರಿಗೆ ಕಾಲಿಟ್ಟು ನಾಲ್ಕು ತಿಂಗಳಾಗಿತ್ತು. ಬಸ್ಸುಗಳು ನಿಂತಿದ್ದವು. ಶಾಲೆಗಳು ಮುಚ್ಚಿದ್ದವು. ಪುರಸಭೆಯ ದೊಡ್ಡ ಶಾಲೆಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ, ಅರವತ್ತು ಮಂಚ ಹಾಕಿ ಆರೈಕೆ ಕೇಂದ್ರ ಮಾಡಿದ್ದರು. ನಿರೀಕ್ಷಕಿಯ ಕುರ್ಚಿಯ ಹಿಂದಿನ ಗೋಡೆಯ ಮೇಲೆ ಊರಿನ ನಕ್ಷೆ ತೂಗುತ್ತಿತ್ತು. ಸೋಂಕು ತಗುಲಿದವರು ದೊಡ್ಡವರಾದರೆ ಅವರ ಮನೆಯ ಜಾಗಕ್ಕೆ ಕೆಂಪು ಗುಂಡುಪಿನ್ನು, ಮಕ್ಕಳಾದರೆ ಹಳದಿ.

ಊರಿನ ಎಲ್ಲ ಬೀದಿಗಳಲ್ಲೂ ಕೆಂಪು ಮುಂದೆ, ಹಳದಿ ಹಿಂದೆ. ದುಡಿಯಲು ಹೊರಗೆ ಹೋದವರು ರೋಗ ಹೊತ್ತು ತರುತ್ತಿದ್ದರು, ಆಮೇಲೆ ಮಕ್ಕಳಿಗೆ ಹರಡುತ್ತಿತ್ತು. ಇಳಿಜಾರಿನ ಬೀದಿಯಲ್ಲಿ ಮಾತ್ರ ಎಲ್ಲವೂ ತಲೆಕೆಳಗು. ಅಲ್ಲಿ ಮೊದಲು ಹನ್ನೊಂದು ಹಳದಿ ಪಿನ್ನು, ಅದೂ ಒಂಬತ್ತು ಮನೆಗಳಲ್ಲಿ. ಕೆಂಪು ಆಮೇಲೆ ಬಂತು.

"ಮಕ್ಕಳಲ್ವಾ, ಬೀದೀಲಿ ಆಡಿರ್ತಾರೆ ಬಿಡಿ ಮೇಡಂ," ಎಂದರು ಮುಖ್ಯಾಧಿಕಾರಿ. ಅವರ ಮೇಜಿನ ಮೇಲೆ ಜಿಲ್ಲೆಯಿಂದ ಬಂದ ಸುತ್ತೋಲೆಗಳ ರಾಶಿಯೇ ಬಿದ್ದಿತ್ತು. ದಿನಕ್ಕೆ ಮೂರು ಬರುತ್ತಿದ್ದವು, ಮೂರನೆಯದು ಮೊದಲನೆಯದನ್ನು ರದ್ದು ಮಾಡುತ್ತಿತ್ತು. ಅವರಿಗೆ ತಲೆ ಕೆರೆದುಕೊಳ್ಳಲೂ ಪುರಸೊತ್ತಿರಲಿಲ್ಲ.

ಆದರೆ ನಿರೀಕ್ಷಕಿ ಆ ಬೀದಿಯಲ್ಲಿ ಮೂರು ದಿನ ಓಡಾಡಿ ಬಂದಿದ್ದಳು. ಅಲ್ಲಿ ಒಂದು ಮಗುವೂ ಆಡುತ್ತಿರಲಿಲ್ಲ. ಆಕೆಯ ತಲೆಯಲ್ಲಿ ಹುಳ ಬಿಟ್ಟದ್ದು ಅದೇ.

ಮನೆಯಲ್ಲಿ ಅವರೆಕಾಳು ಸುಲಿಯುತ್ತಿದ್ದ ಅತ್ತೆಯ ಮುಂದೆ ಇದನ್ನು ಹೇಳಿಕೊಂಡಳು.

"ಎಷ್ಟು ಹೊತ್ತಿಗೆ ಹೋಗಿದ್ದೆ?" ಅತ್ತೆ ಕೇಳಿದರು.

"ಬೆಳಿಗ್ಗೆ ಹತ್ತು, ಹತ್ತೂವರೆ."

"ಬೆಳಿಗ್ಗೆ ಹತ್ತಕ್ಕೆ ಬೀದೀಲಿ ಒಂದು ಮಗೂನೂ ಇಲ್ಲ, ಗಲಾಟೆನೂ ಇಲ್ಲ ಅಂದ್ರೆ ಮನೇಲೂ ಇಲ್ಲ ಕಣೇ. ಮಕ್ಕಳು ಅಷ್ಟು ಹೊತ್ತು ಬಾಯಿ ಮುಚ್ಕೊಂಡು ಮನೇಲಿ ಕೂತಿದ್ದು ನಾನಂತೂ ನೋಡಿಲ್ಲ. ನಿನ್ನ ಗಂಡನ್ನೇ ಕೇಳು."

ಮರುದಿನ ನಿರೀಕ್ಷಕಿ ಶಾಲೆಯ ಮುಖ್ಯ ಶಿಕ್ಷಕಿಗೆ ಫೋನ್ ಮಾಡಿ ಹಾಜರಿ ಪಟ್ಟಿ ತರಿಸಿಕೊಂಡಳು. ಊರೆಲ್ಲ ಅವರನ್ನು ಕರೆಯುತ್ತಿದ್ದುದು ಹೆಡ್‌ಮಿಸ್ ಎಂದು. ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ನೋಡುತ್ತ ಹೋದಳು. ಹನ್ನೊಂದು ಮಕ್ಕಳಲ್ಲಿ ಒಂಬತ್ತು ಮಂದಿ ಆರನೇ ತರಗತಿಯವರು. ಉಳಿದಿಬ್ಬರು ಅವರದೇ ತಮ್ಮ, ತಂಗಿ. ಶಾಲೆ ಮುಚ್ಚಿದೆ, ತರಗತಿ ಮಾತ್ರ ಒಟ್ಟಿಗೇ ಕಾಯಿಲೆ ಬೀಳುತ್ತಿದೆ!

"ಆರನೇ ತರಗತಿಗೆ ಪಾಠ ನಡೀತಿದೆಯಾ ಮಿಸ್?" ಮತ್ತೆ ಫೋನ್ ಮಾಡಿ ಕೇಳಿದಳು.

"ನಾನೇ ಮಾಡ್ತೀನಿ, ದಿನಾ ಬೆಳಿಗ್ಗೆ ಹತ್ತಕ್ಕೆ, ಮನೆಯಿಂದ, ಫೋನಲ್ಲಿ. ಆದರೆ ಆ ಬೀದಿ ಮಕ್ಕಳು ಕೈಬಿಟ್ಟುಬಿಟ್ಟರು. ಒಬ್ಬಳೇ ಬರ್ತಾಳೆ." ಹೆಡ್‌ಮಿಸ್ ಧ್ವನಿ ಸಣ್ಣಗಾಯಿತು. "ನನ್ನ ಪಾಠವೇ ಸರಿ ಇಲ್ವೇನೋ."

ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ನಿರೀಕ್ಷಕಿ ಇಳಿಜಾರಿನ ಬೀದಿಯ ಮೇಲ್ತುದಿಯಲ್ಲಿದ್ದಳು. ಕಚೇರಿಗೆ ಫೋನ್ ಮಾಡಿ ಏನೋ ಕೇಳೋಣವೆಂದರೆ ಕರೆಯೇ ಹೋಗಲಿಲ್ಲ. ಸಿಗ್ನಲ್ ಸೊನ್ನೆ. ಫೋನನ್ನು ಮುಖದ ಮುಂದೆ ಹಿಡಿದುಕೊಂಡೇ ಕೆಳಗಿಳಿದಳು. ಕಿಟಕಿಯಿಂದ ನೋಡುತ್ತಿದ್ದ ಹೆಂಗಸೊಬ್ಬಳು ಇವಳಿಗೆ ಏನೋ ಆಗಿದೆ ಎಂದುಕೊಂಡಿರಬೇಕು. ಆರು ಮನೆ, ಏಳು ಮನೆ, ಊಹೂಂ. ಬೀದಿ ತಿರುಗುವಲ್ಲಿ ಮಹಡಿ ಮನೆಯೊಂದರ ಎದುರು ಬಂದಾಗ ಫೋನಿಗೆ ಜೀವ ಬಂತು. ಒಂದು ಗೀಟು, ಎರಡು. ಮೆಟ್ಟಿಲೇರಿದರೆ ಮೂರು.

ಮೆಟ್ಟಿಲ ಮೇಲೆ ಉದ್ದಕ್ಕೂ ಚಪ್ಪಲಿಗಳು. ಎಲ್ಲವೂ ಪುಟ್ಟವು.

ಅದು ಬೀದಿಯವರಿಗೆಲ್ಲ ಬಟ್ಟೆ ಹೊಲಿದುಕೊಡುವ ಟೈಲರಜ್ಜಿಯ ಕೋಣೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಹೊಲಿಗೆ ಯಂತ್ರದ ಮೇಲೆ ದಾರದ ಉಂಡೆಗಳ ಡಬ್ಬಿ, ಡಬ್ಬಿಗೆ ಒರಗಿಸಿದ ಫೋನು, ಫೋನಿನೊಳಗೆ ಭಿನ್ನರಾಶಿ ಕೂಡುತ್ತಿರುವ ಹೆಡ್‌ಮಿಸ್. ನೆಲದ ಮೇಲೆ, ಗುಣವಾಗಿ ಮರಳಿದವರೂ ಸೇರಿ, ಹದಿನಾಲ್ಕು ಮಕ್ಕಳು ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದರು. ಎಲ್ಲರಿಗೂ ಮಾಸ್ಕ್ ಇತ್ತು, ಅಜ್ಜಿಯೇ ಹೊಲಿದದ್ದು. ಉತ್ತರ ಗೊತ್ತಿದ್ದವರು ಅದನ್ನು ಗಲ್ಲಕ್ಕೆ ಇಳಿಸಿಕೊಂಡು ಫೋನಿನ ಮುಂದಿದ್ದ ಹುಡುಗಿಯ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದರು, ಅವಳು ಮಿಸ್‌ಗೆ ಹೇಳುತ್ತಿದ್ದಳು. ಕಿಟಕಿಗಳೆಲ್ಲ ಮುಚ್ಚಿದ್ದವು.

"ಕಿಟಕಿ ಯಾಕೆ ಮುಚ್ಚಿದೀರಿ?" ನಿರೀಕ್ಷಕಿ ಬಾಗಿಲಲ್ಲೇ ನಿಂತು ಕೇಳಿದಳು.

"ಮಿಸ್ ಮಾತು ಕೇಳಿಸಬೇಕಲ್ಲ ತಾಯಿ," ಎಂದಳು ಅಜ್ಜಿ. ಒಂದು ಸಲ ಕೆಮ್ಮಿ, ಕತ್ತರಿ ಕೆಳಗಿಟ್ಟಳು. "ಪಕ್ಕದಲ್ಲಿ ಹಿಟ್ಟಿನ ಗಿರಣಿ ಇದೆ. ಈ ಬೀದೀಲಿ ಫೋನು ಹಿಡಿಯೋದು ಇದೊಂದೇ ಕೋಣೇಲಿ. ಮೊದಲು ನನ್ನ ಮೊಮ್ಮಗಳೊಬ್ಬಳೇ ಕೂತಿದ್ಲು. ಮಿಕ್ಕವು ಮೆಟ್ಟಿಲ ಮೇಲೆ ಬಂದು ಕಿವಿಗೊಟ್ಟು ನಿಲ್ಲೋವು. ಹೋಗಿ ಅನ್ನೋಕೆ ಬಾಯಿ ಬರಲಿಲ್ಲ. ನೀವು ಶಾಲೆ ಮುಚ್ಚಿದ್ರಿ, ಸರಿ. ಪಾಠ ಮುಚ್ಚಿ ಅಂತ ಹೇಳಿರಲಿಲ್ವಲ್ಲ?"

"ಯಾರದು ಮಧ್ಯೆ ಮಾತಾಡ್ತಿರೋದು?" ಫೋನಿನೊಳಗಿಂದ ಹೆಡ್‌ಮಿಸ್ ಗದರಿದರು.

"ನಾನು ಮಿಸ್, ಆರೋಗ್ಯ ನಿರೀಕ್ಷಕಿ. ಇಲ್ಲಿ ಹದಿನಾಲ್ಕು ಮಕ್ಕಳಿದ್ದಾರೆ."

"ಹದಿನಾಲ್ಕಾ?" ಎಂದರು ಹೆಡ್‌ಮಿಸ್. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನನಗೆ ಒಂದೇ ಹೆಸರು ಕಾಣಿಸ್ತಿತ್ತು."

ಅವರ ಮುಖದಲ್ಲಿ ಮೊದಲು ಕಂಡದ್ದು ಸಂತೋಷ. ಭಯ ಆಮೇಲೆ ಬಂತು. ನಿರೀಕ್ಷಕಿ ಎರಡನ್ನೂ ಕಂಡಳು.

ಅಂದೇ ಎಲ್ಲರ ಪರೀಕ್ಷೆ ಮಾಡಿಸಿದಳು. ಹೊಸದಾಗಿ ಮೂರು ಮಕ್ಕಳಿಗೆ ಸೋಂಕಿತ್ತು, ಅಜ್ಜಿಗೂ ಇತ್ತು. ಅಜ್ಜಿಯನ್ನು ಆರೈಕೆ ಕೇಂದ್ರಕ್ಕೆ ಕರೆದೊಯ್ದಾಗ ಆಕೆಗೆ ಸಿಕ್ಕ ಮಂಚ ಇದ್ದದ್ದು ಎರಡನೇ ತರಗತಿಯ ಕೋಣೆಯಲ್ಲಿ. "ನಾನು ಓದಿದ್ದೂ ಇಷ್ಟಕ್ಕೇ," ಎಂದು ನಕ್ಕಳು.

ಮುಖ್ಯಾಧಿಕಾರಿ ಮಾತ್ರ ನಗಲಿಲ್ಲ. "ಮನೆ ಸೀಲ್ ಮಾಡಿಸಿ. ಆ ಮುದುಕಿ ಮೇಲೆ ಕೇಸ್ ಹಾಕಿ. ಮೇಲಿನವರು ಕೇಳಿದ್ರೆ ನಾನೇನು ಹೇಳಲಿ?"

"ಮನೆ ಮುಚ್ಚಿದ್ರೆ ಮಕ್ಕಳು ಇನ್ನೆಲ್ಲೋ ಸಿಗ್ನಲ್ ಹುಡುಕ್ತಾರೆ ಸಾರ್. ನಾನು ಮತ್ತೆ ಅವರನ್ನ ಹುಡುಕ್ತಾ ಅಲೀಬೇಕು. ಶಾಲೆ ಮುಚ್ಚಿಸಿದ ಸುತ್ತೋಲೆ ಒಂದ್ಸಲ ಕೊಡ್ತೀರಾ?"

ನಿಂತಲ್ಲೇ ಓದಿದಳು. ಎರಡು ಸಲ ಓದಿದಳು. "ಇಲ್ಲಿ 'ಶಾಲಾ ಕಟ್ಟಡದೊಳಗೆ ತರಗತಿ ನಡೆಸಕೂಡದು' ಅಂತಿದೆ. ಬಯಲಲ್ಲಿ ದೂರ ದೂರ ಹದಿನೈದು ಜನ ಸೇರಬಹುದು ಅಂತ ಕೆಳಗೇ ಬರೆದಿದೆ. ಸೂರು ಇದ್ದು ಗೋಡೆ ಇಲ್ಲದ ಜಾಗ ನಮ್ಮ ಹತ್ರ ಯಾವುದಿದೆ ಸಾರ್?"

ಮುಖ್ಯಾಧಿಕಾರಿ ಕಿಟಕಿಯಾಚೆ ನೋಡಿದರು. ರಸ್ತೆಯ ಆ ಬದಿಗೆ ಬಸ್ ನಿಲ್ದಾಣ ನಾಲ್ಕು ತಿಂಗಳಿಂದ ಭಣಗುಟ್ಟುತ್ತಿತ್ತು.

"ನಿಮ್ಮ ಸಹವಾಸ ಸಾಕಪ್ಪಾ ಸಾಕು," ಎಂದರು. ಆದರೆ ಪೆನ್ನು ತೆಗೆದುಕೊಂಡಿದ್ದರು.

ಪೌರಕಾರ್ಮಿಕರು ನಿಲ್ದಾಣವನ್ನು ತೊಳೆದು, ನೆಲದ ಮೇಲೆ ಸುಣ್ಣದಿಂದ ದೂರ ದೂರ ಚೌಕ ಬರೆದರು. ಆರನೇ ತರಗತಿಗೆ ಮೂರನೇ ಪ್ಲಾಟ್‌ಫಾರ್ಮ್ ಸಿಕ್ಕಿತು. ಐದನೆಯವರಿಗೆ ಒಂದನೆಯದು, ಏಳನೆಯವರಿಗೆ ಶೌಚಾಲಯದ ಪಕ್ಕದ್ದು. ಅವರು ಮುಖ ಊದಿಸಿಕೊಂಡರೂ ಬಂದರು. ಒಂದೊಂದು ತರಗತಿಗೂ ಬೇರೆ ಬೇರೆ ಹೊತ್ತು. ಬಸ್ಸುಗಳ ಸಮಯ ಸಾರುತ್ತಿದ್ದ ಮೈಕು ಹೆಡ್‌ಮಿಸ್ ಕೈಗೆ ಬಂತು. ಅಂಗಡಿಗಳ ಬಾಗಿಲಲ್ಲಿ ನಿಂತವರೂ ಆ ವಾರ ಭಿನ್ನರಾಶಿ ಕಲಿತರು. ಔಷಧಿ ಅಂಗಡಿಯವನು ಒಂದು ದಿನ ರಸ್ತೆಯಾಚೆಯಿಂದಲೇ ಉತ್ತರ ಕೂಗಿ ಬೈಸಿಕೊಂಡ.

ಎಲ್ಲವೂ ಹೂವೆತ್ತಿದಷ್ಟು ಸಲೀಸಾಗಿ ಮುಗಿಯಲಿಲ್ಲ. ಆ ಹದಿನಾಲ್ಕು ಮಕ್ಕಳಲ್ಲಿ ಒಬ್ಬಳ ತಾತ ಆಸ್ಪತ್ರೆಯಿಂದ ವಾಪಸಾಗಲಿಲ್ಲ. ರೋಗ ಅವರಿಗೆ ಆ ಕೋಣೆಯಿಂದಲೇ ಬಂತೋ, ಗಿರಣಿಯ ಸಾಲಿನಿಂದಲೋ, ಅದನ್ನು ತಿಳಿಯುವ ದಾರಿಯಿರಲಿಲ್ಲ. ನಿರೀಕ್ಷಕಿ ದಿನಾಂಕಗಳನ್ನು ಮುಂದೆ ಹರಡಿಕೊಂಡು ಎರಡು ದಿನ ಕೂತಳು. ಉತ್ತರ ಸಿಗಲಿಲ್ಲ. ಹನ್ನೆರಡನೇ ದಿನ ಗುಣವಾಗಿ ಹೊರಬಂದ ಟೈಲರಜ್ಜಿ ನೇರ ಆ ಮನೆಗೆ ಹೋಗಿ ಅಂಗಳದಲ್ಲಿ ಬಹಳ ಹೊತ್ತು ನಿಂತಿದ್ದಳು. ಹುಡುಗಿಯ ತಾಯಿ ಕೊನೆಗೆ ಹೊರಬಂದು ಒಂದು ಸ್ಟೂಲ್ ತಂದಿಟ್ಟಳು. ಇಬ್ಬರೂ ಏನು ಮಾತಾಡಿದರೋ, ಯಾರೂ ಕೇಳಲಿಲ್ಲ. ಮರುದಿನ ಹುಡುಗಿ ಮೂರನೇ ಪ್ಲಾಟ್‌ಫಾರ್ಮಿಗೆ ಬಂದಳು.

ಮೂರು ವಾರಗಳಲ್ಲಿ ಇಳಿಜಾರಿನ ಬೀದಿಗೆ ಹೊಸ ಪಿನ್ನು ಬೀಳುವುದು ನಿಂತಿತು. ಅಕ್ಕಪಕ್ಕದ ಎರಡು ಪುರಸಭೆಗಳವರು ಬಂದು ನಿಲ್ದಾಣ ನೋಡಿಕೊಂಡು, ಚೌಕಗಳ ಅಳತೆ ಬರೆದುಕೊಂಡು ಹೋದರು. ಮುಖ್ಯಾಧಿಕಾರಿ ಅವರಿಗೆಲ್ಲ, "ಸುತ್ತೋಲೆನ ಸರಿಯಾಗಿ ಓದ್ಬೇಕು ನೋಡಿ," ಎಂದು ಬುದ್ಧಿ ಹೇಳಿದರು. ನಿರೀಕ್ಷಕಿ ನಗು ತಡೆಯಲು ಕೆಮ್ಮಿದಳು. ಕೆಮ್ಮಿದ್ದೇ ತಡ ಸುತ್ತಲಿದ್ದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು.

ಬಸ್ಸು ಓಡಿಸಲು ಅನುಮತಿ ಬಂದದ್ದು ಅದಾಗಿ ಎರಡು ತಿಂಗಳಿಗೆ. ಮೊದಲ ಬಸ್ಸು ಗೊತ್ತಾದ ಹೊತ್ತಿಗಿಂತ ಬೇಗನೆ ಬಂದು ಮೂರನೇ ಪ್ಲಾಟ್‌ಫಾರ್ಮಿನ ಎದುರು ನಿಂತು ಹಾರ್ನ್ ಹೊಡೆಯಿತು.

"ಇನ್ನೆರಡು ಲೆಕ್ಕ ಬಾಕಿ ಇದೆ, ಸ್ವಲ್ಪ ತಾಳಿ," ಎಂದು ಹೆಡ್‌ಮಿಸ್ ಮೈಕಿನಲ್ಲಿ ಹೇಳಿದರು.

ಡ್ರೈವರ್ ಎಂಜಿನ್ ಆರಿಸಿ, ಕೆಳಗಿಳಿದು, ನೆರಳಿನಲ್ಲಿ ಕೈಕಟ್ಟಿ ನಿಂತ.