ಸಂದಿನ ಬಿಸಿಲು

ಸುಬ್ಬಜ್ಜಿ ನನ್ನ ತಲೆಗೆ ಕೋಲಿನಿಂದ ಹೊಡೆದರು. ಪೆಟ್ಟು ನನಗೆ ತಾಗಲಿಲ್ಲ. ನಾನು ತಾರಸಿಯ ಮೇಲೆ ನಿಂತಿದ್ದೆ, ಅವರು ಕೆಳಗೆ ಹಿಂದಿನ ಮನೆಯ ಅಂಗಳದಲ್ಲಿದ್ದರು. ಏಟು ಬಿದ್ದದ್ದು ನನ್ನ ನೆರಳಿಗೆ. ತುದಿಗೆ ಕಪ್ಪು ಬಟ್ಟೆಯ ಚೂರು ಕಟ್ಟಿದ್ದ ಉದ್ದನೆಯ ಕೋಲು, ಹಳೆಯ ಸೀರೆಯ ಮೇಲೆ ಒಣಹಾಕಿದ್ದ ಹಪ್ಪಳಗಳ ಪಕ್ಕದಲ್ಲಿ, ನನ್ನ ತಲೆಯ ನೆರಳಿದ್ದ ಕಡೆಗೇ ಬಂದು ಬಡಿಯಿತು. ನಾನು ತಟ್ಟನೆ ತಲೆ ಮುಟ್ಟಿ ನೋಡಿಕೊಂಡೆ. ನೋವಿಲ್ಲದ ಆ ಪೆಟ್ಟನ್ನು ಈಗಲೂ ಒಮ್ಮೊಮ್ಮೆ ಮುಟ್ಟಿ ನೋಡಿಕೊಳ್ಳುತ್ತೇನೆ.

ಆಗ ನಾನು ರಾಜಧಾನಿಯಲ್ಲಿದ್ದೆ. ಹಗಲು ಒಂದು ಔಷಧಿ ಅಂಗಡಿಯಲ್ಲಿ ಕೆಲಸ, ಸಂಜೆ ಕಾಲೇಜು. ಊರಿನಿಂದ ಬಂದ ಹೊಸತರಲ್ಲಿ ಒಂದು ಉದ್ದನೆಯ ಹಜಾರದಲ್ಲಿ ಮಲಗುತ್ತಿದ್ದೆ. ಅಲ್ಲಿ ಚಾಪೆಗೆ ಚಾಪೆ ತಾಗಿಸಿ ಎಷ್ಟು ಜನ ಮಲಗಿರುತ್ತಿದ್ದೆವೆಂದರೆ, ಗೋಡೆಯ ಕಡೆಯವನು ಮಗ್ಗುಲು ಬದಲಿಸಿದರೆ ಬಾಗಿಲ ಕಡೆಯವನವರೆಗೆ ಎಲ್ಲರೂ ಬದಲಿಸಬೇಕಾಗುತ್ತಿತ್ತು. ಓದಲು ದೀಪ ಹಚ್ಚಿದರೆ ದುಡಿದು ಬಂದವರು ಬೈಯುತ್ತಿದ್ದರು. ಅವರು ಬೈದದ್ದು ತಪ್ಪೆಂದು ನನಗೆ ಅನಿಸುತ್ತಿರಲಿಲ್ಲ.

ಆ ಊರಿನ ಕಷ್ಟ ಬರಿಯ ಗದ್ದಲದ್ದಲ್ಲ. ಗದ್ದಲಕ್ಕೆ ಕಿವಿ ಒಗ್ಗಿಹೋಗುತ್ತದೆ. ಅಲ್ಲಿ ಎಲ್ಲಿ ಕಾಲು ಚಾಚಿದರೂ ಅದು ಇನ್ನೊಬ್ಬರಿಗೆ ತಾಗುತ್ತಿತ್ತು. ತಾಗಿಸದೆ ಬದುಕುವ ದಾರಿಯೇ ಇರಲಿಲ್ಲ. ಇದು ನನಗೆ ಆಗ ಗೊತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದು ಕೋಣೆ, ಅಷ್ಟೆ.

ಗುರುಶಾಂತಯ್ಯನವರು ನಮ್ಮ ಅಂಗಡಿಗೆ ಮೊಣಕಾಲಿನ ತೈಲಕ್ಕಾಗಿ ಬರುತ್ತಿದ್ದರು. ಸ್ವಂತ ಮನೆಯವರು. ಅವರಿಗೆ ಬಾಟಲಿ ಕಟ್ಟಿಕೊಡುವಾಗಲೆಲ್ಲ ನಾನು ಅವರ ತಾರಸಿಯ ಮೇಲೊಂದು ಕೋಣೆ ಕಟ್ಟಿಸುವ ಮಾತೆತ್ತುತ್ತಿದ್ದೆ. ಕಡೆಗೊಂದು ದಿನ ಅವರು ನಕ್ಕು, "ನಿಮ್ಮ ಕಾಟ ನನ್ನ ಮಂಡಿನೋವಿಗಿಂತ ಜಾಸ್ತಿ ಆಯ್ತು ಕಣ್ರೀ. ಎಬ್ಬಿಸಿಕೊಡ್ತೀನಿ ಬಿಡಿ" ಎಂದರು. ಎಬ್ಬಿಸಿಯೂ ಕೊಟ್ಟರು. ಕೋಣೆ ತಾರಸಿಯ ಬಹುಭಾಗವನ್ನು ತುಂಬಿಕೊಂಡಿತು. ಒಂದು ಬದಿಯಲ್ಲಿ ಮಾತ್ರ, ಇಟ್ಟಿಗೆ ಸಾಲದೆ ಹೋಗಿ, ಮೇಸ್ತ್ರಿ ಸ್ವಲ್ಪ ಜಾಗ ಹಾಗೆಯೇ ಬಿಟ್ಟಿದ್ದ. ಮನೆಯ ಯಜಮಾನರಿಗೆ ಅದು ತಿಳಿದಿರಲಿಲ್ಲ. ಮಂಡಿಯ ದೆಸೆಯಿಂದ ಅವರು ಮೆಟ್ಟಿಲು ಹತ್ತಿದವರೇ ಅಲ್ಲ.

ನಾನು ಬೆಳಗಾಗುವ ಮೊದಲೇ ಹೊರಟು, ಕಾಲೇಜು ಮುಗಿಸಿ ಊಟ ಮಾಡಿಕೊಂಡು ಬರುತ್ತಿದ್ದೆ. ಊಟ ಭಟ್ಟರ ಮೆಸ್ಸಿನಲ್ಲಿ. ಆ ಚಳಿಗಾಲ ಅಲ್ಲಿಯ ಹಪ್ಪಳ ಯಾಕೋ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಪಕ್ಕದ ಎಲೆಯವರು ಒಬ್ಬರು, "ಏನ್ ಭಟ್ರೇ, ಹಪ್ಪಳಾನ ಬಾವಿ ಒಳಗೆ ಒಣಗಿಸಿದ್ದಾ?" ಎಂದು ಕೇಳಿದಾಗ ಎಲ್ಲರ ಜೊತೆ ನಾನೂ ನಕ್ಕು, ನನ್ನದನ್ನು ಎಲೆಯ ಅಂಚಿಗೆ ತಳ್ಳಿದ್ದೆ.

ಆ ಭಾನುವಾರ ರಜೆ. ಕೋಣೆಗೆ ಬಂದ ಮೇಲೆ ಹಗಲು ಹೊತ್ತು ಮನೆಯಲ್ಲಿ ಉಳಿದದ್ದು ಅದೇ ಮೊದಲು. ಪಂಚೆ ಒಗೆದು, ಕೋಣೆಯ ಪಕ್ಕದ ಆ ಸಂದಿನಲ್ಲಿ ಹಗ್ಗ ಕಟ್ಟಿ ಹರಡಿ, ಗೋಡೆಯಂಚಿನಲ್ಲಿ ಕೆಳಗೆ ನೋಡುತ್ತ ನಿಂತೆ. ಬೆನ್ನಿಗೆ ಬೆಳಗಿನ ಬಿಸಿಲು ಹಿತವಾಗಿತ್ತು. ಆಗಲೇ ಕೋಲು ಬಿದ್ದದ್ದು.

"ಹುಶ್! ಹಾಳಾದ್ ಕಾಗೆ!"

"ಅಜ್ಜೀ, ಕಾಗೆ ಅಲ್ಲ, ನಾನು!" ಎಂದು ಕೂಗಿದೆ.

ಮುದುಕಿ ಹುಬ್ಬಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. "ನಾನು ಅಂದ್ರೆ ಯಾರೋ? ಈ ಊರಲ್ಲಿ ಎಲ್ಲಾರೂ ನಾನೇ ಅಂತಾರೆ."

"ಮೇಲಿನ ರೂಮಿನವನು ಅಜ್ಜಿ."

"ಓಹೋ, ರೂಮಿನೋನಾ! ನಿನ್ನ ರೂಮು ದಿನಾ ಬಂದು ಇಲ್ಲಿ ಮಲಗತ್ತೆ. ನೀನು ಇವತ್ತು ಬಂದ್ಯಾ? ತಲೆ ತೆಗಿಯಪ್ಪ, ಹಪ್ಪಳಕ್ಕೆ ಬಿಸಿಲು ಬೀಳ್ಲಿ."

ನಾನು ಮೊದಲು ನಕ್ಕೆ. ಆಮೇಲೆ ಕೆಳಗೆ ಸರಿಯಾಗಿ ನೋಡಿದೆ. ಅಂಗಳದ ತುಂಬ ಕಪ್ಪಾಗಿ ಬಿದ್ದುಕೊಂಡಿದ್ದದ್ದು ನನ್ನ ಕೋಣೆ. ಅದರ ಒಂದು ಮಗ್ಗುಲಲ್ಲಿ ಸೀರೆಯಷ್ಟು ಅಗಲದ ಬಿಸಿಲಿನ ಪಟ್ಟೆಯೊಂದು ಉಳಿದಿತ್ತು, ಹಪ್ಪಳಗಳು ಆ ಪಟ್ಟೆಯೊಳಗೇ ಒತ್ತೊತ್ತಾಗಿ ಕೂತಿದ್ದವು. ಆ ಪಟ್ಟೆಯ ನಡುವೆ ನನ್ನ ತಲೆ, ಪಕ್ಕದಲ್ಲಿ ನನ್ನ ಪಂಚೆ. ಕೈ ಎತ್ತಿದೆ. ಹಪ್ಪಳಗಳ ಮೇಲೆ ಒಂದು ಕಪ್ಪು ಕೈ ಎದ್ದಿತು. ಒದ್ದೆ ಪಂಚೆಯನ್ನು ಹಗ್ಗದಿಂದ ಎಳೆದುಕೊಂಡು ಒಳಗೆ ಓಡಿದೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತೋ ಏನೋ. ಆದರೆ ಒಂದು ವಿಷಯ ಮನಸ್ಸಿಗೆ ಹತ್ತಿದರೆ ಅದನ್ನು ಸರಿಮಾಡುವವರೆಗೆ ನನಗೆ ಅನ್ನ ಇಳಿಯುವುದಿಲ್ಲ. ಓಣಿ ಸುತ್ತಿಕೊಂಡು ಹಿಂದಿನ ಮನೆಗೆ ಹೋದೆ. ಸುಬ್ಬಜ್ಜಿಯ ಸೊಸೆ ತುಂಗಕ್ಕ ಬಾಗಿಲಲ್ಲೇ ಕೂತು ಉದ್ದಿನ ಹಿಟ್ಟಿನ ಉಂಡೆಗಳನ್ನು ಲಟ್ಟಿಸುತ್ತಿದ್ದರು. ಗಂಡಸರಿಲ್ಲದ ಮನೆ. ಅತ್ತೆ ಸೊಸೆ ಇಬ್ಬರೂ ಹಪ್ಪಳದಿಂದಲೇ ಬದುಕುತ್ತಿದ್ದರು.

"ಅತ್ತೆ ಮಾತು ಮನಸ್ಸಿಗೆ ಹಚ್ಕೋಬೇಡ ತಮ್ಮಾ" ಎಂದರು, ನಾನು ಬಾಯಿ ತೆರೆಯುವ ಮೊದಲೇ.

"ಬಿಸಿಲು ಇಷ್ಟೇ ಬರೋದಾ ಇಲ್ಲಿ?"

"ಪಡುವಣದ ಕಡೆ ಕಟ್ಟಡ ಬಂದ್ಮೇಲೆ ಮಧ್ಯಾಹ್ನದ್ದು ಹೋಯ್ತು. ಬೆಳಗಿನದು ಅಂಗಳದ ತುಂಬಾ ಬರ್ತಿತ್ತು, ಮುಂಚೆ."

"ಮುಂಚೆ ಅಂದ್ರೆ?"

ತುಂಗಕ್ಕ ಲಟ್ಟಣಿಗೆ ಉರುಳಿಸುತ್ತಲೇ ಇದ್ದರು. "ಮುಂಚೆ ಅಂದ್ರೆ ಮುಂಚೆ."

"ಇವನು ಬರೋಕ್ಕೆ ಮುಂಚೆ ಅಂತ ಹೇಳೇ. ನಾಲಿಗೆ ಏನು ಸವೆದುಹೋಗತ್ತಾ?" ಎಂದರು ಸುಬ್ಬಜ್ಜಿ ಅಂಗಳದಿಂದ.

ಒತ್ತಿ ಒತ್ತಿ ಕೇಳಿದ ಮೇಲೆ ಉಳಿದದ್ದು ತಿಳಿಯಿತು. ಒಂದೇ ದಿನದಲ್ಲಿ ಒಣಗಿ ಅಂಚು ಮೇಲೇಳಬೇಕಾದ ಹಪ್ಪಳ ಈಗ ದಿನಗಟ್ಟಲೆ ಮೆತ್ತಗೇ ಇರುತ್ತಿತ್ತು. ಅವರಲ್ಲಿ ಹಪ್ಪಳ ಕೊಳ್ಳುತ್ತಿದ್ದವರಲ್ಲಿ ದೊಡ್ಡ ಗಿರಾಕಿ ಭಟ್ಟರೇ. ಹಬ್ಬದ ಹೊತ್ತಿಗೆ ವಾಸನೆ ಹೋಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಹೇಳಿಕಳಿಸಿದ್ದರಂತೆ. ಎಲೆಯ ಅಂಚಿಗೆ ತಳ್ಳಿದ ಹಪ್ಪಳ ನನ್ನ ಕಣ್ಣ ಮುಂದೆ ಬಂತು.

"ನಾನು ರೂಮು ಬಿಟ್ಟುಬಿಡ್ತೀನಿ" ಎಂದೆ.

ಸುಬ್ಬಜ್ಜಿ ಕೆಮ್ಮು ಬರುವಷ್ಟು ನಕ್ಕರು. "ನೀನು ಹೋದ್ರೆ ಅದೂ ಗಂಟು ಕಟ್ಕೊಂಡು ನಿನ್ನ ಹಿಂದೆ ಬರತ್ತಾ?"

ಆಗ ನನಗೆ ಆ ಉಪಾಯ ಹೊಳೆದದ್ದು. ತಾರಸಿಗೆ ಓಣಿಯಿಂದಲೇ ಮೆಟ್ಟಿಲಿತ್ತು. ಮೇಲೆ, ನನ್ನ ಕೋಣೆಯ ಪಕ್ಕದ ಜಾಗದಲ್ಲಿ, ಬೆಳಗಿನಿಂದ ಮಧ್ಯಾಹ್ನ ದಾಟುವವರೆಗೆ ಬಿಸಿಲು. ಅಲ್ಲೇ ಬಂದು ಒಣಗಿಸಿ ಎಂದೆ.

ತುಂಗಕ್ಕನ ಕೈ ನಿಂತಿತು. "ಬೇಡ ತಮ್ಮಾ. ಆ ಸಂದಿನಿಂದ ಹೇಗೋ ಇಷ್ಟು ಬರ್ತಿದೆ. ಯಾರ ಕಣ್ಣಿಗೂ ಬೀಳದೆ ಬರ್ತಿದೆ. ಹಾಗೇ ಇರ್ಲಿ."

ನಾನು ಅದನ್ನು ಸಂಕೋಚವೆಂದು ತಿಳಿದುಕೊಂಡೆ. ಮತ್ತೆ ಮತ್ತೆ ಹೇಳಿದೆ. ಅವರ ಹಪ್ಪಳಕ್ಕಾಗಿ ಹೇಳಿದೆನೋ, ನನ್ನ ಮನಸ್ಸು ಹಗುರವಾಗಲಿ ಎಂದು ಹೇಳಿದೆನೋ, ಈಗ ಯೋಚಿಸಿದರೆ ಬಿಡಿಸಿ ಹೇಳಲು ಬರುವುದಿಲ್ಲ. ಕೊನೆಗೆ ಒಪ್ಪಿದರು.

ಮಾರನೆಯ ದಿನದಿಂದ ತುಂಗಕ್ಕ ಮೊರದಲ್ಲಿ ಹಪ್ಪಳ ಹೊತ್ತು ಮೇಲೆ ಬರತೊಡಗಿದರು. ಸುಬ್ಬಜ್ಜಿಗೆ ಹತ್ತಲಾಗುತ್ತಿರಲಿಲ್ಲ. ಅವರು ಕೆಳಗೆ ಆ ಪಟ್ಟೆ ಬಿಸಿಲಿನಲ್ಲಿ ಬೆನ್ನು ಕಾಯಿಸುತ್ತ, ಕಾಯಲು ಏನೂ ಇಲ್ಲದಿದ್ದರೂ ಕೋಲು ಹಿಡಿದೇ ಕೂರುತ್ತಿದ್ದರು. ಮೆಸ್ಸಿನಲ್ಲಿ ಹಪ್ಪಳ ಮೊದಲಿನಂತೆ ಗರಿಗರಿಯಾಯಿತು. ಭಟ್ಟರು ಹಬ್ಬಕ್ಕೂ ಇವರಿಗೇ ಹೇಳಿದರು. ನಾನು ಆ ದಿನಗಳಲ್ಲಿ ಚೆನ್ನಾಗಿ ನಿದ್ದೆ ಮಾಡಿದೆ.

ಒಂದೇ ಒಂದು ಚುಚ್ಚುತ್ತಿತ್ತು. ಮನೆಯ ಯಜಮಾನರಿಗೆ ತಿಳಿಸಿರಲಿಲ್ಲ. ಬೇರೆಯವರ ತಾರಸಿಯನ್ನು ಹೇಳದೆ ಕೇಳದೆ ಇನ್ನೊಬ್ಬರಿಗೆ ಬಿಟ್ಟುಕೊಡುವುದು ತಪ್ಪಲ್ಲವೇ? ಒಂದು ಬೆಳಗ್ಗೆ, ಅಂಗಡಿಗೆ ತಡವಾದರೂ ಆಗಲಿ ಎಂದು ಬಿಸಿಲೇರುವವರೆಗೆ ಕಾದು, ಅವರ ಜಗಲಿಯಲ್ಲಿ ನಿಂತು ಎಲ್ಲವನ್ನೂ ಹೇಳಿದೆ.

"ಒಣಗಿಸ್ಲಿ ಬಿಡ್ರೀ, ಪಾಪ. ಅದಕ್ಕೇನಂತೆ" ಎಂದರು ಗುರುಶಾಂತಯ್ಯನವರು. ಒಳ್ಳೆಯ ಮನುಷ್ಯ. ಅವರನ್ನು ಕೆಟ್ಟವರೆಂದು ನಾನು ಯಾವತ್ತೂ ಹೇಳಲಾರೆ. ನಾನು ಎರಡು ಹೆಜ್ಜೆ ಇಟ್ಟಿದ್ದೆ. "ಅಲ್ಲಾ, ಎಲ್ಲಿ ಒಣಗಿಸ್ತಾರೆ? ಮೇಲೆಲ್ಲಾ ನಿಮ್ಮ ರೂಮೇ ಅಲ್ವಾ?"

"ಪಕ್ಕದಲ್ಲಿ ಸ್ವಲ್ಪ ಜಾಗ ಇದೆ."

"ಜಾಗ ಇದ್ಯಾ?"

ಆ ಎರಡು ಪದಗಳನ್ನು ಅವರು ಕೇಳಿದ ರೀತಿ ನನ್ನ ಕಿವಿಯಲ್ಲಿ ಇನ್ನೂ ಇದೆ. ಆಸೆಯೂ ಅಲ್ಲ, ಲೆಕ್ಕಾಚಾರವೂ ಅಲ್ಲ. ಆ ಊರಿನಲ್ಲಿ ಯಾರೇ ಆದರೂ ಹಾಗೆಯೇ ಕೇಳುತ್ತಿದ್ದರು. ಅವರು ಎದ್ದು ನಿಂತರು. "ನಡೀರಿ ನೋಡೋಣ. ನೀವು ಕೊಟ್ಟ ತೈಲ ಪರವಾಗಿಲ್ಲ ಕಣ್ರೀ, ಈಚೆಗೆ ಮೆಟ್ಟಿಲು ಹತ್ತಬಹುದು ಅನ್ಸತ್ತೆ."

ಗೋಡೆ ಹಿಡಿದು, ನಿಂತು ನಿಂತು ಹತ್ತಿದರು. ಮೇಲೆ ತುಂಗಕ್ಕ ಹಪ್ಪಳ ಮಗುಚುತ್ತಿದ್ದರು, ಇವರನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದರು. "ಕೂತ್ಕೊಳ್ಳಿ ತಾಯಿ, ಕೂತ್ಕೊಳ್ಳಿ" ಎಂದು ಯಜಮಾನರು ಅಂಚಿನ ಒಂದು ಹಪ್ಪಳ ಮುರಿದು ಬಾಯಿಗೆ ಹಾಕಿಕೊಂಡು ತಲೆದೂಗಿದರು. ಆಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ, ಪಾದದ ಮುಂದೆ ಪಾದ ಇಡುತ್ತ, ನನ್ನ ಕೋಣೆಯ ಗೋಡೆಯಿಂದ ಅಂಚಿನವರೆಗೆ ನಡೆದರು. ಒಂದು ಹಪ್ಪಳವನ್ನೂ ತುಳಿಯಲಿಲ್ಲ. ಹಪ್ಪಳ ಹರಡಿದ್ದ ಸೀರೆ ಅಡ್ಡ ಬಂದ ಕಡೆ ತಡೆದು ನಿಂತಾಗ, ತುಂಗಕ್ಕ ಅದರ ತುದಿಯನ್ನು ಮಡಚಿ ಅವರಿಗೆ ದಾರಿ ಮಾಡಿಕೊಟ್ಟರು. ನನ್ನ ಮುಖ ನೋಡಲಿಲ್ಲ.

"ಇಷ್ಟು ಜಾಗ ಖಾಲಿ ಬಿದ್ದಿದೆ, ನನಗೇ ಗೊತ್ತಿರ್ಲಿಲ್ಲವಲ್ರೀ!" ಎಂದರು ಯಜಮಾನರು.

ಎರಡು ದಿನ ಏನು ಹೇಳಬೇಕೆಂದು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡೆ. ಬಾಡಿಗೆ ಹೆಚ್ಚು ಕೊಡುತ್ತೇನೆ, ಆ ಸಂದು ಹಾಗೆಯೇ ಇರಲಿ ಎಂದು ಕೇಳುವುದೆಂದು ನಿಶ್ಚಯಿಸಿ ಮೂರನೆಯ ಸಂಜೆ ಕಾಲೇಜು ತಪ್ಪಿಸಿ ಹೋದೆ. ಜಗಲಿಯ ಮೇಲೆ ತಿಮ್ಮರಾಜು ಕೂತಿದ್ದ.

ತಿಮ್ಮರಾಜು ತರಗತಿಯಲ್ಲಿ ನನ್ನ ಪಕ್ಕದ ಬೆಂಚಿನವನು. ಮೆಣಸಿನಕಾಯಿ ಮಂಡಿಯಲ್ಲಿ ಕೆಲಸ, ರಾತ್ರಿ ಅಲ್ಲೇ ಮೂಟೆಗಳ ಮೇಲೆ ನಿದ್ದೆ. ಅವನ ಕಣ್ಣು ಯಾವಾಗಲೂ ಕೆಂಪಗಿರುತ್ತಿತ್ತು. ಪಾಠದ ನಡುವೆ ಅವನಿಗೆ ಸೀನು ಬಂದರೆ ಸುತ್ತಲಿನವರೆಲ್ಲ ಸೀನುತ್ತಿದ್ದೆವು. ಎಲ್ಲಾದರೂ ರೂಮಿದ್ದರೆ ಹೇಳೋ ಎಂದು ಎಷ್ಟೋ ಸಲ ಕೇಳಿದ್ದ. ಈಗ ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡ.

"ರೂಮು ಕೇಳ್ಕೊಂಡು ಬಂದೆ, ನಿನ್ನ ಪಕ್ಕಾನೇ ಅಂತೆ ಕಣೋ! ಯಜಮಾನ್ರು ಒಪ್ಪಿದ್ರು. ಜಾಗ ಕಂಡುಹಿಡಿದದ್ದೇ ನೀನಂತೆ!"

ಅವನ ಅಂಗೈಯ ಖಾರ ನನ್ನ ಕೈಗೂ ಹತ್ತಿತ್ತೇನೋ, ಕಣ್ಣೊರೆಸಿಕೊಂಡಾಗ ಉರಿಯಿತು. ಅವನಿಗೆ ಬೇಡ ಎನ್ನಲು ನಾನು ಯಾರು? ಅವನು ಬೇಡಿದ್ದು ನಾನು ಬೇಡಿದ್ದನ್ನೇ. ನನ್ನ ಕೋಣೆಯೊಳಗೇ ಅವನನ್ನೂ ಸೇರಿಸಿಕೊಳ್ಳಬಹುದಿತ್ತು ಎಂಬುದು ಹೊಳೆದದ್ದು ತಡವಾಗಿ. ಹೊಳೆದಾಗಲೂ ಆ ಹಜಾರದ ಚಾಪೆಗಳು ನೆನಪಾಗಿ ಬಾಯಿ ಬರಲಿಲ್ಲ.

"ಏನೋ ಹೇಳೋಕ್ಕೆ ಬಂದ ಹಾಗಿತ್ತು?" ಎಂದರು ಗುರುಶಾಂತಯ್ಯನವರು.

"ಏನಿಲ್ಲ ಯಜಮಾನ್ರೇ. ಮೊಣಕಾಲು ಹೇಗಿದೆ ಅಂತ ಕೇಳೋಣ ಅಂತ ಬಂದೆ."

ಈ ಸಲ ಇಟ್ಟಿಗೆ ಕಡಿಮೆ ಬೀಳಲಿಲ್ಲ.

ಗೋಡೆ ಏರುತ್ತಿದ್ದ ದಿನಗಳಲ್ಲಿ ನಾನು ಹಿಂದಿನ ಓಣಿಗೆ ಹೋಗಲಿಲ್ಲ. ಹಬ್ಬದ ಊಟಕ್ಕೆ ಮೆಸ್ಸಿನಲ್ಲಿ ಬಡಿಸಿದ ಹಪ್ಪಳ ದೊಡ್ಡದಾಗಿ, ತೆಳ್ಳಗೆ, ಬೇರೆ ಯಾರದೋ ಕೈಯದಾಗಿತ್ತು. ಅದನ್ನು ಎಲೆಯ ಅಂಚಿಗೆ ತಳ್ಳಲು ನನಗೆ ಯಾವ ನೆಪವೂ ಸಿಗಲಿಲ್ಲ. ತಿಂದೆ. ಚೆನ್ನಾಗಿತ್ತು.

ಅವರು ಊರು ಬಿಡುತ್ತಾರೆಂದು ತಿಳಿದ ಬೆಳಗ್ಗೆ ಮಾತ್ರ ಹೋದೆ. ತುಂಗಕ್ಕನ ಅಕ್ಕ ಬಯಲುಸೀಮೆಯ ಯಾವುದೋ ಹಳ್ಳಿಯಲ್ಲಿದ್ದರಂತೆ, ಅಲ್ಲಿಗೆ. ಗಾಡಿಯ ಮೇಲೆ ಪಾತ್ರೆಗಳ ನಡುವೆ ಸುಬ್ಬಜ್ಜಿ ಕೂತಾಗಿತ್ತು. ತುಂಗಕ್ಕ ಹಗ್ಗ ಬಿಗಿಯುತ್ತಿದ್ದವರು, "ಓದು ಬಿಡಬೇಡ ತಮ್ಮಾ" ಎಂದಷ್ಟೇ ಹೇಳಿ ಮತ್ತೆ ಹಗ್ಗದ ಕಡೆ ತಿರುಗಿದರು. ಬೈದಿದ್ದರೆ ನನಗೆ ಉತ್ತರವಾದರೂ ಇರುತ್ತಿತ್ತು.

"ಅಲ್ಲಿ ಬಿಸಿಲು ಚೆನ್ನಾಗಿದೆಯಂತೆ ಅಜ್ಜಿ" ಎಂದೆ.

"ಬಿಸಿಲಿಗೇನು ಬರ, ಬೇಕಾದಷ್ಟಿದೆ. ಕೊಂಡುಕೊಂಡು ಹಪ್ಪಳ ತಿನ್ನೋ ಜನ ಎಲ್ಲಿದ್ದಾರೆ ಅಲ್ಲಿ? ತಿನ್ನೋರೆಲ್ಲಾ ಇಲ್ಲಿಗೇ ಬಂದ್ಬಿಟ್ರಲ್ಲಾ." ಗಾಡಿಯಿಂದ ನನ್ನ ಕಡೆಗೆ ಬಗ್ಗಿದರು. "ಅವತ್ತು ಪೆಟ್ಟು ಜೋರಾಗಿ ಬಿತ್ತೇನೋ?"

"ಇಲ್ಲ ಅಜ್ಜಿ. ಕಾಗೆ ಅಂದ್ಕೊಂಡು ಹೊಡೆದ್ರಿ ನೀವು."

"ಕಾಗೆ ಯಾವುದು, ಮನುಷ್ಯನ ತಲೆ ಯಾವುದು ಅಂತ ನನಗೆ ಕಾಣಲ್ವೇನೋ? ಆ ರೂಮು ಏಳೋವಾಗ ಇಲ್ಲಿಂದ ಎಷ್ಟು ಕೂಗಿದೆ! ಯಾರಿಗೆ ಕೇಳಿಸ್ತು? ಅವತ್ತು ಒಂದು ತಲೆ ಬಂತಲ್ಲಾ ಕೈಗೆ ಸಿಗೋ ಹಾಗೆ ಅಂತ, ಹೊಡೆದೆ." ಬೊಚ್ಚು ಬಾಯಲ್ಲಿ ನಕ್ಕರು. "ನಿನಗೆ ತಾಕ್ತು ಕಣಪ್ಪಾ. ಅದೇ ಎಡವಟ್ಟಾಗಿದ್ದು."

ಗಾಡಿ ಹೊರಟಿತು. ಓಣಿಯಲ್ಲಿ ಎದುರಿಗೆ ಬಂದ ಇನ್ನೊಂದು ಗಾಡಿಗಾಗಿ ಬಹಳ ಹೊತ್ತು ನಿಲ್ಲಬೇಕಾಯಿತು. ಆ ಗಾಡಿಯಲ್ಲಿದ್ದದ್ದು ಅದೇ ಮನೆಗೆ ಬರುತ್ತಿದ್ದ ಹೊಸ ಸಂಸಾರದ ಸಾಮಾನು.

ತಿಮ್ಮರಾಜುವಿನ ಕಣ್ಣಿನ ಕೆಂಪು ಕೆಲವು ವಾರಗಳಲ್ಲಿ ಇಳಿಯಿತು. ಓದುವಾಗ ಗೋಡೆಯ ಆ ಕಡೆಯಿಂದ ಅವನು ಒಮ್ಮೊಮ್ಮೆ ತಟ್ಟುತ್ತಿದ್ದ, ನಾನು ಈ ಕಡೆಯಿಂದ ತಟ್ಟುತ್ತಿದ್ದೆ. ಇಬ್ಬರೂ ಪರೀಕ್ಷೆ ಪಾಸು ಮಾಡಿದೆವು.

ಆಮೇಲೆ ಒಂದು ಭಾನುವಾರ ಬೆಳಗ್ಗೆ, ಮೆಟ್ಟಿಲ ತುದಿಯಲ್ಲಿ ಗೋಡೆಯಂಚಿಗೆ ಒರಗಿ ಕೆಳಗೆ ಬಗ್ಗಿ ನೋಡಿದೆ. ಅಂಗಳವೆಲ್ಲ ಒಂದೇ ನೆರಳು. ನನ್ನ ತಲೆ ಎಲ್ಲಿದೆಯೆಂದು ಹುಡುಕಿದೆ, ಕೈ ಎತ್ತಿ ಆಡಿಸಿದೆ. ಕೆಳಗೆ ಏನೂ ಅಲುಗಲಿಲ್ಲ. ಮೂಲೆಯಲ್ಲಿ ಸುಬ್ಬಜ್ಜಿಯ ಕೋಲು ಗೋಡೆಗೆ ಒರಗಿಯೇ ಇತ್ತು. ಅದರ ತುದಿಯ ಕಪ್ಪು ಬಟ್ಟೆಯ ಪಕ್ಕದಲ್ಲಿ ಒಂದು ಕಾಗೆ ಬಂದು ಕೂತು, ಅತ್ತ ಇತ್ತ ನೋಡಿ, ಮೈ ಸಡಿಲಿಸಿ, ಅಲ್ಲೇ ಕಣ್ಣು ಮುಚ್ಚಿತು.